ಬಿಸಿ ಮೈಗೆ ತಣ್ಣೀರು

ಮಾರ್ಚ್ 4, ಸೋಮವಾರ

ನನ್ನ ಗಂಡ ರುಫೋಗೆ ಹುಚ್ಚು ಹಿಡಿದಿದೆ. ಒಂದು ಹುಚ್ಚಾಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು, ಇದು ಮೂರು ಹುಚ್ಚು ಒಟ್ಟಿಗೆ. ಮೊದಲು ಸಮುದ್ರದಲ್ಲಿ ಈಜಬೇಕಂತೆ, ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕಂತೆ, ಸೈಕಲ್ಲಿನಿಂದ ಇಳಿದವನು ಓಡಬೇಕಂತೆ. ಹಿಂದಿನಿಂದ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ, ಆದರೂ ಓಡಬೇಕಂತೆ. ಟ್ರಯಥ್ಲಾನ್. ಮೇ ತಿಂಗಳಲ್ಲಿ, ನಮ್ಮ ದ್ವೀಪದಲ್ಲೇ. ಮನಿಲಾದವರು, ಕೊರಿಯಾದವರು, ಆಸ್ಟ್ರೇಲಿಯಾದವರು ದುಡ್ಡು ಕೊಟ್ಟು ಬಂದು ಓಡುತ್ತಾರೆ. ಊರಿನವರಿಗೆ ಪುಕ್ಕಟೆ. ಪುಕ್ಕಟೆ ಅಂದರೆ ನಮ್ಮವನು ವಿಷವನ್ನೂ ಎರಡು ಲೋಟ ಕುಡಿಯುತ್ತಾನೆ.

ಇದಕ್ಕೆಲ್ಲ ಕಾರಣ ಒಬ್ಬಳು ಜರ್ಮನ್ ಹೆಂಗಸು. ಇವನು ನಡೆಸುವ ಪ್ರವಾಸಿಗಳ ದೋಣಿಯಿಂದ ಇಳಿಯುವಾಗ ಇವನ ಕೈ ಹಿಡಿದುಕೊಂಡು, "ಅಜ್ಜಾ, ಮೊಮ್ಮಕ್ಕಳೆಷ್ಟು?" ಅಂದಳಂತೆ. ಇವನಿಗೆ ನಲವತ್ತೊಂಬತ್ತು. ನಮಗೆ ಮಕ್ಕಳೇ ಇಲ್ಲ.

ಊಟಕ್ಕೆ ಕೂತಾಗ ವಿಷಯ ತೆಗೆದ. ಅವನು ನನ್ನನ್ನು ಕರೆಯುವುದು ದಾಯ್ ಅಂತಲೇ. "ನೋಡು ದಾಯ್, ನಮ್ಮಂಥೋರ ಹೆಸರು ಮೈಕಿನಲ್ಲಿ ಬರೋದು ಎರಡೇ ಸಲ. ಮದುವೇಲಿ ಒಂದ್ಸಲ ಬಂತು. ಇನ್ನೊಂದ್ಸಲ ಬರೋವಾಗ ನಾನು ಪೆಟ್ಟಿಗೆಯೊಳಗೆ ಮಲಗಿರ್ತೀನಿ. ನಡುವೆ ಒಂದ್ಸಲ ಕೇಳಿಸ್ಕೊಂಡ್ರೆ ನಿಂದೇನು ಹೋಗುತ್ತೆ?"

ಅತ್ತೆ ಪಸಿಂಗ್, ಊರಿಗೆಲ್ಲ ನಾನಾಯ್, ಅಂದರೆ ಅಮ್ಮ, ಒಣಮೀನಿನ ಮುಳ್ಳು ತೆಗೆಯುತ್ತ ಕೂತಿದ್ದರು. "ಪೆಟ್ಟಿಗೆಗೆ ಅಷ್ಟು ಅವಸರ ಇದ್ರೆ ಓಡು ದೋಂಗ್," ಅಂದರು ಮಗನಿಗೆ.

ಸಮುದ್ರದ ಭಯ ನನಗಿಲ್ಲ. ಅವನು ನಡೆಯುವ ಮೊದಲು ಈಜಿದವನು. ನನ್ನ ಭಯ ಓಟದ್ದು, ಅದರಲ್ಲೂ ಓಟ ಮುಗಿದ ಮೇಲಿನದ್ದು. ಮೇ ತಿಂಗಳ ಬಿಸಿಲು, ಕಾದ ಮೈ, ಕೈಗೆ ಸಿಗುವ ಹಾಗೆ ಐಸ್ ನೀರು. ಪಸ್ಮಾ ಬಡಿಯಲು ಇನ್ನೇನು ಬೇಕು? ದಿನವಿಡೀ ಜನರ ಮೈ ನೀವುವವಳು ನಾನು. ಕಾದಾಗ ನೀರು ಬಿದ್ದು ಬೆದರಿದ, ಅಂದರೆ ಪಸ್ಮಾ ಬಡಿದ ನರ ಹೇಗಿರುತ್ತದೆಂದು ನನ್ನ ಬೆರಳಿಗೆ ಗೊತ್ತು, ಒದ್ದೆ ಹಗ್ಗ ಗಂಟು ಬಿದ್ದ ಹಾಗೆ. ಮೊದಲು ಅಂಗೈ ತಣ್ಣಗಾಗಿ ಬೆವರುತ್ತದೆ, ಆಮೇಲೆ ಕೈ ನಡುಗುತ್ತದೆ, ಆಮೇಲೆ ಚಮಚ ಹಿಡಿಯಲಿಕ್ಕೂ ಆಗುವುದಿಲ್ಲ. ಎದೆಗೆ ಹೊಕ್ಕರೆ ಚಮಚವೇ ಬೇಕಾಗುವುದಿಲ್ಲ.

ಬಿಸಿ ಮೈಗೆ ತಣ್ಣೀರು, ಮನೆಮಂದಿಗೆ ಕಣ್ಣೀರು.

ನಾನೇ ಕಟ್ಟಿದ್ದು. ಭಯವಾದಾಗ ಕೆಲವರು ಜಪಮಾಲೆ ಹಿಡಿಯುತ್ತಾರೆ. ನಾನು ಅದರ ಜೊತೆಗೆ ಪ್ರಾಸವನ್ನೂ ಹಿಡಿಯುತ್ತೇನೆ.

ಮಾರ್ಚ್ 10, ಭಾನುವಾರ

ಪೂಜೆ ಮುಗಿಸಿ ಬಂದವನೇ ಓಡಲು ಹೋದ. ತೆಂಗಿನ ತೋಪಿನ ಆಚೆ ಚಾಪೆಲ್ಲಿನವರೆಗೆ, ಅಂದರೆ ನಮ್ಮ ಪುಟ್ಟ ಇಗರ್ಜಿಯವರೆಗೆ, ಅಲ್ಲಿಂದ ವಾಪಸ್. ಹೋಗುವಾಗ ಕೋಳಿ ಹುಂಜ, ಬರುವಾಗ ಬೇಯಿಸಿದ ಹುಂಜ. ನೇರ ಕೈಪಂಪಿನ ಹತ್ತಿರ ಹೋಗಿ ಚೊಂಬು ಎತ್ತಿದ.

ನಾನಾಯ್ ಅಷ್ಟು ಚುರುಕಾಗಿ ಏಳುವುದನ್ನು ನಾನು ಮೂರು ವರ್ಷದಿಂದ ನೋಡಿರಲಿಲ್ಲ. ಚೊಂಬು ಕಿತ್ತುಕೊಂಡು ಅದರಿಂದಲೇ ಅವನ ಮೊಣಕೈಗೊಂದು ಬಿಟ್ಟರು.

"ನಾನಾಯ್, ಮೈ ಉರೀತಿದೆ!"

"ಉರಿಯೋ ಒಲೆ ಮೇಲೆ ನೀರು ಸುರಿದ್ರೆ ಒಲೆ ಬಿರುಕು ಬಿಡುತ್ತೆ. ನೀನೇನು ಒಲೆಗಿಂತ ಗಟ್ಟಿನಾ?"

ಬೆನ್ನಿಗೆ ಒಣ ಟವೆಲ್ ಹಾಕಿ, ಅಂಗಿ ಮೇಲೆ ಅಂಗಿ ತೊಡಿಸಿ, ಬಿಸಿ ಶುಂಠಿ ಕಷಾಯ ಕೊಟ್ಟು ಕೂರಿಸಿದೆ. ಅನ್ನ ಬೆಂದು ಬಸಿಯುವವರೆಗೂ ಕೂತಿದ್ದ. ಕಣ್ಣಿನಲ್ಲಿ ನನ್ನನ್ನು ಬೈಯುತ್ತಿದ್ದ. ಬೈಯಲಿ. ಬೈಯುವ ಗಂಡ ಬದುಕಿರುವ ಗಂಡ.

ಮಾರ್ಚ್ 19, ಮಂಗಳವಾರ

ಸೈಕಲ್ ಬಂತು. ರೆಸಾರ್ಟಿನವರು ಎರವಲು ಕೊಟ್ಟಿದ್ದು. ಅದರ ಸೀಟು ಬಾಳೆಕಾಯಿಯಷ್ಟು ಅಗಲ. ಸಂಜೆ ಅವನ ಸೊಂಟದಿಂದ ಕೆಳಗೆ ನೀವಿದೆ, ಅಲ್ಲಿ ಇಷ್ಟೊಂದು ನರಗಳಿವೆಯೆಂದು ನನಗೇ ಗೊತ್ತಿರಲಿಲ್ಲ.

ನೀವಿದ ಮೇಲೆ ನಾನು ಬೆಳಗಿನವರೆಗೆ ಕೈಗೆ ನೀರು ಮುಟ್ಟಿಸುವುದಿಲ್ಲ. ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡರಾಯಿತು. ಅಜ್ಜಿ ಕೆಲಸ ಕಲಿಸುವ ಮೊದಲು ಕಲಿಸಿದ್ದೇ ಇದನ್ನು: ನೀವುವವಳ ಕೈ ಕಾದ ಕೈ, ಅದಕ್ಕೆ ನೀರು ಬಿದ್ದರೆ ಮೊದಲ ಪಸ್ಮಾ ಅವಳಿಗೇ. ಹಾಗಾಗಿ ಮದುವೆಯಾದಂದಿನಿಂದ ರಾತ್ರಿಯ ಪಾತ್ರೆ ತೊಳೆಯುವವನು ರುಫೋ. ಕೇರಿಯವರು ಅವನನ್ನು ಬಂಗಾರದಂಥ ಗಂಡ ಅನ್ನುತ್ತಾರೆ. ಬಂಗಾರವಲ್ಲ, ಪಸ್ಮಾ.

ಇವತ್ತು ಓಡಿ ಬಂದು ಟವೆಲ್ ಹೊದ್ದು ಕೂತಾಗ ತಲೆ ಸುತ್ತಿ ವಾಲಿದ. ಕಷಾಯ ವಾಂತಿಯಾಯಿತು. ಎಲ್ಲೋ ದಾರಿಯಲ್ಲಿ ಕದ್ದು ನೀರು ಹೊಯ್ದುಕೊಂಡಿರಬೇಕೆಂದು ನಾನಾಯ್ ಗದರಿದರು. ಇಲ್ಲವೆಂದು ಆಣೆ ಹಾಕಿದ. ಇನ್ನೊಂದು ಹೊದಿಕೆ ಹಾಕಿದೆ.

ಅವನ ಎದೆಯ ಮೇಲೆ ಕೈಯಿಟ್ಟರೆ ಹಕ್ಕಿ ಸಿಕ್ಕಿಹಾಕಿಕೊಂಡ ಹಾಗೆ ಬಡಿತ. ನನಗೆ ನಿದ್ದೆ ಬರಲಿಲ್ಲ.

ಮಾರ್ಚ್ 29, ಶುಭ ಶುಕ್ರವಾರ

ಇಂದು ಯಾರೂ ನೀರಿಗಿಳಿಯುವಂತಿಲ್ಲ, ಓಡುವಂತಿಲ್ಲ, ಜೋರಾಗಿ ನಗುವಂತೆಯೂ ಇಲ್ಲ. ದೇವರು ಸತ್ತ ದಿನ. ಈ ತಿಂಗಳಲ್ಲಿ ನಾನು ಹೆದರದೆ ಕಳೆದ ದಿನ ಇದೊಂದೇ. ಕ್ಷಮಿಸು ಸ್ವಾಮಿ.

ಏಪ್ರಿಲ್ 7, ಭಾನುವಾರ

ಚಾಪೆಲ್ಲಿನ ಅಂಗಳದಲ್ಲಿ ಸಭೆ. ಓಟದ ದಾರಿ ನಮ್ಮ ಕೇರಿಯ ಮೇಲೇ ಹೋಗುತ್ತದಂತೆ. ಕೊನೆಯ ಮೇಜು, ಅಂದರೆ ಓಡುವವರಿಗೆ ಕುಡಿಯಲು, ತಿನ್ನಲು ಕೊಡುವ ಜಾಗ, ನಮ್ಮ ಪಾಲಿಗೆ. ಸೆಬು ಪಟ್ಟಣದಿಂದ ಮಿಸ್ ಜೊವಿ ಅನ್ನುವ ಹುಡುಗಿ ಬಂದಿದ್ದಳು. ನರ್ಸ್ ಓದಿದವಳು, ಕಪ್ಪು ಕನ್ನಡಕವನ್ನು ತಲೆಯ ಮೇಲೆ ತೊಡುವವಳು.

"ಓಡೋರು ಕೆಂಪಗೆ ಕಾದು ಬರ್ತಾರೆ," ಅಂದಳು. "ನೀವು ತಲೆ ಮೇಲೆ ಐಸ್ ನೀರು ಸುರೀಬೇಕು. ಕುತ್ತಿಗೆಗೆ ಐಸ್ ಸುತ್ತಿದ ಬಟ್ಟೆ ಕೊಡಬೇಕು."

ನಾನಾಯ್ ಶಿಲುಬೆ ಗುರುತು ಮಾಡಿಕೊಂಡರು.

"ಮಗಳೇ, ನಿಂಗೆ ತಾಯಿ ಇದಾಳಾ?"

"ಇದಾರೆ ನಾನಾಯ್."

"ಮತ್ತೆ ಏನೂ ಕಲಿಸ್ಲಿಲ್ವಾ?"

ಹೆಂಗಸರೆಲ್ಲ ಒಮ್ಮೆಲೇ ಶುರುಮಾಡಿದರು. ಒಬ್ಬಳ ಮಾವ ಗದ್ದೆಯಿಂದ ಬಂದು ಕಾಲು ತೊಳೆದು ಹಾಸಿಗೆ ಹಿಡಿದದ್ದು, ಇನ್ನೊಬ್ಬಳ ಅಕ್ಕ ಇಸ್ತ್ರಿ ಮಾಡಿ ಕೈ ತೊಳೆದು ಬೆರಳು ಸೊಟ್ಟಗಾದದ್ದು. ಮಿಸ್ ಜೊವಿ ಎರಡೂ ಕೈ ಎತ್ತಿದಳು. "ಪಸ್ಮಾ ಅಂತ ವೈದ್ಯಶಾಸ್ತ್ರದಲ್ಲಿ ಒಂದು ಹೆಸರೇ ಇಲ್ಲ ನಾನಾಯ್."

"ನಮ್ಮನೆ ನಾಯಿಗೂ ಹೆಸರಿಲ್ಲ. ಕಚ್ಚೋದು ಬಿಟ್ಟಿದೆಯಾ?"

ನಗು. ಮಿಸ್ ಜೊವಿಯೂ ನಕ್ಕಳು, ಅದಕ್ಕೆ ಅವಳ ಮೇಲೆ ಸ್ವಲ್ಪ ಒಳ್ಳೆಯ ಅಭಿಪ್ರಾಯ ಬಂತು. ಕೊನೆಗೆ ನಮ್ಮ ಕೇರಿಯ ಯಜಮಾನ ಕಪಿತಾನ್, ಮುಂದಿನ ಚುನಾವಣೆ ನೆನೆಸಿಕೊಂಡು, ಎರಡು ಮೇಜು ಎಂದು ತೀರ್ಪು ಕೊಟ್ಟರು. ಒಂದರಲ್ಲಿ ಐಸ್, ಇನ್ನೊಂದರಲ್ಲಿ ಬಿಸಿ ಶುಂಠಿ ಕಷಾಯ. ಪಕ್ಕದಲ್ಲಿ ಚಾಪೆ, ಕಾಲು ಸೆಳೆತ ಬಂದವರಿಗೆ ನಾನು ನೀವಿ ಕೊಡುವುದು. ಇಡೀ ಜಾಗಕ್ಕೆ ನಾನೇ ಮುಖ್ಯಸ್ಥೆ. ಯಾರನ್ನೂ ಕೇಳದೆ ಮುಖ್ಯಸ್ಥೆ ಮಾಡುವುದು ನಮ್ಮೂರಿನಲ್ಲಿ ಗೌರವ.

ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ನನ್ನ ಪ್ರಾಸ ಬರೆದಿಟ್ಟೆ. ಮಿಸ್ ಜೊವಿ ಹೋಗುವಾಗ ಅದನ್ನು ಅಳಿಸಿ ಹೋದಳು.

ಏಪ್ರಿಲ್ 20, ಶನಿವಾರ

ಸೇಂದಿ ಇಳಿಸುವ ನೊಂಗ್ ದಮ್ಯಾನನ್ನು ಮಧ್ಯಾಹ್ನ ಹೊತ್ತುಕೊಂಡು ನಮ್ಮ ಮನೆಗೆ ತಂದರು. ಮರದ ಬುಡದಲ್ಲಿ ಕೂತು ಏನೇನೋ ಒದರುತ್ತಿದ್ದನಂತೆ, ಹೆಂಡತಿಯ ಗುರುತೇ ಸಿಗಲಿಲ್ಲವಂತೆ. ಆಸ್ಪತ್ರೆ ದೂರ, ನಾನು ಹತ್ತಿರ. ಕಂಬಳಿ ಸುತ್ತಿದ್ದರು. ನಾನು ಶುಂಠಿ ಹಾಕಿದ ಬಿಸಿ ಎಣ್ಣೆ ತಿಕ್ಕಿದೆ.

ತಿಕ್ಕುತ್ತಿದ್ದಂತೆಯೇ ಹೋದ.

ಎಲ್ಲರೂ ಪಸ್ಮಾ ಅಂದರು. ಹನ್ನೆರಡರ ಬಿಸಿಲಲ್ಲಿ ಮರ ಇಳಿದು ಐಸ್ ಹಾಕಿದ ಕೋಲಾ ಕುಡಿದಿದ್ದನಂತೆ. ನಾನೂ ಪಸ್ಮಾ ಅಂದೆ. ಅವನ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು, ಬೇರೆ ಏನು ಹೇಳಲಿ?

ಆದರೆ ಅವನ ಮೈ ಬಾಣಲೆಯ ಹಾಗಿತ್ತು. ಅಂಗೈ ಒಣಗಿತ್ತು. ಕಂಕುಳಲ್ಲೂ ಒಂದು ಹನಿ ಬೆವರಿರಲಿಲ್ಲ. ಬಾಯಿ ಪಸ್ಮಾ ಅಂದಿತು, ಬೆರಳು ಏನೂ ಅನ್ನಲಿಲ್ಲ.

ಏಪ್ರಿಲ್ 21, ಭಾನುವಾರ

ರುಫೋ ಓಡಲು ಹೋಗಿದ್ದ. ಚಾಪೆಲ್ಲಿನ ತಿರುವಿನಲ್ಲಿ ಅವನ ಹಳದಿ ಅಂಗಿ ಕಾಣುವವರೆಗೂ ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಅನ್ನ ಸೀದುಹೋಯಿತು.

ಏಪ್ರಿಲ್ 26, ಶುಕ್ರವಾರ

ಮೇಜುಗಳನ್ನು ಇಳಿಸಲು ಮಿಸ್ ಜೊವಿ ಬಂದಿದ್ದಳು. ನೊಂಗ್ ದಮ್ಯಾನನ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಮೆಲ್ಲಗೆ, ತಂಗಿಯ ಹಾಗೆ ನನ್ನನ್ನು ಕೇಳಿದಳು, "ನಾಂಗ್ ನೆರಿಸಾ, ಮೈಯಲ್ಲಿ ಬೆವರಿತ್ತಾ?"

ಇರಲಿಲ್ಲ ಅಂದೆ.

"ಮಾತು?"

ತಪ್ಪಿತ್ತು ಅಂದೆ.

"ಅದು ಬಿಸಿಲ ಹೊಡೆತ. ಬೆವರು ನಿಂತು ಮಾತು ತಪ್ಪಿದ್ರೆ ಒಳಗೆ ಬೆಂಕಿ ಅಂತ ಅರ್ಥ. ಆಗ ಐಸ್ ಒಂದೇ ದಾರಿ. ಮೈ ಪೂರ್ತಿ, ತಕ್ಷಣ. ಆಸ್ಪತ್ರೆ ಗಾಡಿ ಬರಲಿ ಅಂತ ಕಾಯೋದಲ್ಲ."

ಕೇಳಿಸಿಕೊಂಡೆ, ಒಪ್ಪಲಿಲ್ಲ. ಅವಳಿಗೆ ಇಪ್ಪತ್ತೇಳು ವರ್ಷ. ಅಜ್ಜಿ ನನಗೆ ಹೇಳಿಕೊಟ್ಟದ್ದು ಅಜ್ಜಿಗೆ ಅವಳಜ್ಜಿ ಹೇಳಿಕೊಟ್ಟದ್ದು.

ರುಫೋ ಇವತ್ತು ಓಡಿ ಬಂದು ಪಾದಕ್ಕೆ ಮಾತ್ರ ನೀರು ಹೊಯ್ದುಕೊಳ್ಳುತ್ತೇನೆ ಎಂದ. ಪಾದವಷ್ಟೇ ಎಂದು ಬಿಟ್ಟೆ. ನಾನಾಯ್ ಚಾಪೆಲ್ಲಿಗೆ ಹೋಗಿದ್ದರು.

ಮೇ 3, ಶುಕ್ರವಾರ

ಪಾದದ ನೀರು ಮೊಣಕಾಲಿನವರೆಗೆ ಬಂದಿದೆ. ಕುತ್ತಿಗೆಗೆ ಒದ್ದೆ ಬಟ್ಟೆಯನ್ನೂ ಕೇಳುತ್ತಾನೆ. ಕುತ್ತಿಗೆ ಮೈಗೆ ಸೇರಿದ್ದಲ್ಲ, ತಲೆಗೆ ಸೇರಿದ್ದು ಎಂದು ಅವನ ವಾದ. ತಲೆಯಂತೂ ಮೊದಲೇ ಕೆಟ್ಟಿದೆ, ನೀರು ಬಿದ್ದರೆ ಇನ್ನೇನು ಹಾಳಾಗಬೇಕು ಎಂದು ಕೊಟ್ಟೆ. ಎರಡು ಅಂಗಿ ತೊಡಿಸುವುದನ್ನು ಬಿಟ್ಟಿದ್ದೇನೆ, ಒಗೆಯುವವರು ಯಾರು.

ಅವನ ಅಂಗೈ ನೋಡುತ್ತಿರುತ್ತೇನೆ. ನಡುಗುತ್ತಿಲ್ಲ. ಇನ್ನೂ.

ಮೇ 12, ಭಾನುವಾರ

ನೊಂಗ್ ದಮ್ಯಾನ್ ಕನಸಿನಲ್ಲಿ ಬಂದಿದ್ದ. ಅವನಿಗೆ ರುಫೋನ ಹಳದಿ ಅಂಗಿ.

ಬೆಳಿಗ್ಗೆ ದೋಣಿಯ ಹತ್ತಿರ ಹೋಗಿ ರುಫೋನನ್ನು ಕೇಳಿದೆ. ಬೇಡಿಕೊಂಡೆ ಅನ್ನುವುದೇ ಸರಿ. "ಈಜಿ ಬಾ. ಸೈಕಲ್ ತುಳಿ. ಓಡೋದು ಬೇಡ. ಕಾಲು ಉಳುಕಿತು ಅಂತ ನಾನೇ ಹೇಳ್ತೀನಿ, ಉಳುಕು ತೆಗೆಯೋಳು ನಾನು, ನನ್ನ ಮಾತು ಯಾರು ಇಲ್ಲ ಅಂತಾರೆ?"

ಅವನು ಹಗ್ಗ ಸುತ್ತುತ್ತಿದ್ದ.

"ಹೆದರಿಕೆ ನಂಗೂ ಇದೆ ದಾಯ್. ಆ ಕೊನೇ ದಾರೀಲಿ ಒಂದೂ ಮರ ಇಲ್ಲ. ಅಲ್ಲಿ ಬಂದಾಗೆಲ್ಲ ಕಿವಿಯೊಳಗೆ ಏನೋ ಗುಂಯ್ ಅನ್ನುತ್ತೆ."

"ಹಾಗಾದ್ರೆ ಯಾಕೆ?"

"ನೀನು ನಿಂತಿರ್ತೀಯಲ್ಲ, ಆ ಮೇಜಿನ ಹತ್ತಿರ. ಅಲ್ಲಿವರೆಗೆ ಓಡ್ತೀನಿ. ಆಮೇಲೆ ನೀನು ಹೇಳಿದ ಹಾಗೆ."

ಇಪ್ಪತ್ತೆರಡು ವರ್ಷದಲ್ಲಿ ನಾನು ಹೇಳಿದ ಹಾಗೆ ಕೇಳುತ್ತೇನೆ ಎಂದದ್ದು ಇದೇ ಮೊದಲು. ಅದೇ ಹೆಚ್ಚು ಹೆದರಿಸಿತು.

ಮೇ 18, ಶನಿವಾರ

ನಾಳೆ. ಶುಂಠಿ ಜಜ್ಜಿಟ್ಟಿದ್ದೇನೆ. ಮೀನಿನವರ ದೊಡ್ಡ ಐಸ್ ಪೆಟ್ಟಿಗೆ ಬಂತು, ಅದರ ಕಡೆ ನೋಡಲಿಲ್ಲ. ಕೈ ಬರೆಯುತ್ತಿದೆ, ತಲೆ ಎಲ್ಲೋ ಇದೆ. ಸಂತ ಮಾತೆಯೇ, ಮೋಡ ಕಳಿಸು.

ಮೇ 20, ಸೋಮವಾರ

ಆಸ್ಪತ್ರೆಯ ಬೆಂಚು. ರುಫೋ ಒಳಗೆ ಮಲಗಿದ್ದಾನೆ. ನಿನ್ನೆಯದನ್ನು ಬರೆದುಬಿಡಬೇಕು, ಇಲ್ಲದಿದ್ದರೆ ಅದು ತಲೆಯೊಳಗೇ ಸುತ್ತುತ್ತಿರುತ್ತದೆ.

ಮೋಡ ಬರಲಿಲ್ಲ.

ಈಜಿನಲ್ಲಿ ಅವನು ಮುಂದಿದ್ದನಂತೆ. ಸೈಕಲ್ ನಮ್ಮ ಕೇರಿ ಹಾದಾಗ ನಾನೇ ನೋಡಿದೆ. ಗಂಟೆ ಬಾರಿಸಿ, "ನಾನಾಯ್, ಕಷಾಯ ಆರಿಸ್ಬೇಡಿ!" ಎಂದು ಕೂಗಿಹೋದ. ಹೆಂಗಸರೆಲ್ಲ ಲಂಗ ಎತ್ತಿ ಕುಣಿದರು. ಆಗ ಎಲ್ಲ ಸರಿಯಿತ್ತು.

ಆಮೇಲೆ ಓಡುವವರು ಬರತೊಡಗಿದರು. ಐಸ್ ಮೇಜಿನ ಮುಂದೆ ಜಾತ್ರೆ. ಕಷಾಯದ ಮೇಜಿನ ಮುಂದೆ ನಾನಾಯ್ ಬೀಸಣಿಗೆ ಹಿಡಿದು ಸೇನಾಪತಿಯ ಹಾಗೆ ಕೂತಿದ್ದರು, ಗಿರಾಕಿಗಳು ಮೂವರು. ಅವರಲ್ಲೊಬ್ಬ ಕೊರಿಯಾದ ಮುದುಕ ಎರಡನೇ ಲೋಟ ಕೇಳಿದ. "ಬುದ್ಧಿ ಇರೋದು ಅವರ ದೇಶದಲ್ಲಿ," ಅಂದರು ನಾನಾಯ್. ನಾನು ಚಾಪೆಯ ಮೇಲೆ ಕೂತು ಒಬ್ಬರಾದ ಮೇಲೊಬ್ಬರ ಮೀನಖಂಡ ನೀವುತ್ತಿದ್ದೆ. ಅಂಗೈ ಕಾದು ಕಾದು ಇಸ್ತ್ರಿಪೆಟ್ಟಿಗೆಯಾಗಿತ್ತು.

ಅವನ ಜೊತೆಗೆ ಸೈಕಲ್ ತುಳಿದವರು ಬಂದು ಹೋದರು. ಅವರ ಹಿಂದಿನವರೂ ಬಂದರು. ಇವನಿಲ್ಲ. ದಾರಿಯ ಕೊನೆಯಲ್ಲಿ ಬಿಸಿಲು ನೀರಿನ ಹಾಗೆ ಅಲ್ಲಾಡುತ್ತಿತ್ತು.

ಹಳದಿ ಅಂಗಿ ಕಂಡಿತು. ಓಡುತ್ತಿರಲಿಲ್ಲ, ದಾರಿಯ ಈ ಅಂಚಿನಿಂದ ಆ ಅಂಚಿಗೆ ಹೊಲಿಗೆ ಹಾಕುತ್ತ ಬರುತ್ತಿತ್ತು. ಹೆಂಗಸರು ಚಪ್ಪಾಳೆ ತಟ್ಟಿದರು. ಅವನು ಮೇಜು ದಾಟಿ ಮುಂದೆ ಹೋಗಿ, ತಿರುಗಿ ಬಂದು, ನನ್ನ ಮುಂದೆ ನಿಂತು ನಕ್ಕ. ಪ್ರವಾಸಿಗಳ ಮುಂದೆ ನಗುವ ನಗು ಅದು.

"ಮೇಡಂ, ಎಲ್ಲಾ ಹತ್ತಿದ್ರಾ? ದೋಣಿ ಬಿಡ್ತೀವಿ. ಜಾಗ್ರತೆ ಮೇಡಂ, ಮೆಟ್ಟಿಲು ಜಾರುತ್ತೆ."

ಯಾರೋ ನಕ್ಕರು. ತಮಾಷೆ ಅಂದುಕೊಂಡರು. ನಾನು ಅವನ ತೋಳು ಹಿಡಿದೆ.

ಒಣಗಿತ್ತು. ನನ್ನ ಕಾದ ಕೈಗೂ ಸುಡುತ್ತಿತ್ತು. ಕಂಕುಳಿಗೆ ಕೈ ಹಾಕಿದೆ, ಒಂದು ಹನಿ ಇಲ್ಲ. ಬಾಣಲೆ. ಈ ಸಲ ಬೆರಳು ಕಿರುಚಿತು.

ಅವನು ಕುಸಿದ. ನಾನು ಏನು ಕೂಗಿದೆನೋ ನೆನಪಿಲ್ಲ. ಬೇಲಿಗೆ ಕಟ್ಟಿದ್ದ ಪಂದ್ಯದ ಬ್ಯಾನರನ್ನು ಯಾರೋ ಕಿತ್ತು ಹಾಸಿದರು, ಅವನನ್ನು ಅದರ ಮೇಲೆ ಎಳೆದು ಮಲಗಿಸಿದೆವು. ಐಸ್ ಪೆಟ್ಟಿಗೆಯನ್ನು ಇಡಿಯಾಗಿ ಅವನ ಮೇಲೆ ಬೋರಲು ಹಾಕಿದೆ. ನಾಲ್ಕು ಜನ ಬ್ಯಾನರಿನ ಅಂಚು ಎತ್ತಿ ಹಿಡಿದರು, ನೀರು ಚೆಲ್ಲದೆ ತೊಟ್ಟಿಲಿನ ಹಾಗೆ ನಿಂತಿತು. ನಾನು ಮೊಣಕಾಲೂರಿ, ಎರಡೂ ಕೈಯಲ್ಲಿ ಐಸ್ ಬಾಚಿ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಒತ್ತಿ ಹಿಡಿದೆ.

ನಾನಾಯ್ ಬಂದು ನನ್ನ ಬೆನ್ನಿಗೆ ಬೀಸಣಿಗೆಯ ಹಿಡಿಯಿಂದ ಹೊಡೆಯತೊಡಗಿದರು. "ಬಿಡೇ! ಬಿಡೇ ಅವನ್ನ! ನನ್ನ ಮಗನ್ನ ಕೊಲ್ತಿದೀಯ!"

"ಹೌದು ನಾನಾಯ್, ಕೊಲ್ತಿದೀನಿ. ಆ ಮೂಲೆ ಹಿಡ್ಕೊಳ್ಳಿ, ನೀರು ಚೆಲ್ತಿದೆ."

ಇನ್ನೊಂದು ಏಟು ಬಿತ್ತು. ಆಮೇಲೆ ಬೀಳಲಿಲ್ಲ. ತಿರುಗಿ ನೋಡಿದರೆ ಬ್ಯಾನರಿನ ಮೂಲೆ ಅವರ ಎರಡೂ ಮುಷ್ಟಿಯಲ್ಲಿತ್ತು. ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು. ಪ್ರಾರ್ಥನೆಯೋ ನನಗೆ ಶಾಪವೋ.

ಗಾಡಿ ಬರುವುದು ತಡವಾಯಿತು. ಐಸ್ ಕರಗಿ, ಮೀನಿನವಳು ಇನ್ನೊಂದು ಪೆಟ್ಟಿಗೆ ತಂದು, ಅದೂ ಅರ್ಧ ಕರಗಿತು. ನಾನು ಕೈ ತೆಗೆಯಲಿಲ್ಲ. ಬೆರಳು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅವನ ಹಲ್ಲು ಕಟಕಟ ಅಂದಿತು. ಕಣ್ಣು ತೆರೆದು ನನ್ನನ್ನು ನೋಡಿದ. ಮೇಡಂನನ್ನಲ್ಲ, ನನ್ನನ್ನು.

"ದಾಯ್, ಚಳಿ."

ಇಷ್ಟು ಚಂದದ ಮಾತನ್ನು ನಾನು ಯಾವ ಪ್ರಾಸದಲ್ಲೂ ಕಟ್ಟಿಲ್ಲ.

ಮೇ 21, ಮಂಗಳವಾರ

ಡಾಕ್ಟರು ಕೇಳಿದರು, "ಐಸ್ ಹಾಕಿದ್ದು ಯಾರು?"

"ಇವಳು. ನನ್ನ ಸೊಸೆ," ಅಂದರು ನಾನಾಯ್. "ಬುದ್ಧಿ ಸ್ವಲ್ಪ ಕಡಿಮೆ."

"ಹಾಕದೇ ಇದ್ದಿದ್ರೆ ನೀವು ಇಲ್ಲಿಗೆ ಬರ್ತಾನೇ ಇರ್ಲಿಲ್ಲ ನಾನಾಯ್. ಬೇರೆ ಕಡೆ ಹೋಗ್ತಿದ್ರಿ."

ನಾನಾಯ್ ಕಿಟಕಿ ನೋಡಿದರು. ನನ್ನೊಡನೆ ಮಾತಿಲ್ಲ. ರುಫೋ ಎರಡು ದಿನದಲ್ಲಿ ಮನೆಗೆ ಹೋಗಬಹುದಂತೆ.

ನನ್ನ ಬೆರಳು ಕೆಂಪಗೆ ಊದಿಕೊಂಡಿವೆ. ಪೆನ್ನು ಜಾರುತ್ತಿದೆ.

ಮೇ 25, ಶನಿವಾರ

ಮನೆಯಲ್ಲಿದ್ದೇವೆ. ರುಫೋ ತೂಗುಬಲೆಯಲ್ಲಿ ಮಲಗಿ ಗಂಜಿ ಕುಡಿಯುತ್ತಾನೆ, ಬಂದವರಿಗೆಲ್ಲ ಕಥೆ ಹೇಳುತ್ತಾನೆ. ಅವನ ಕೈ ನಡುಗುವುದಿಲ್ಲ.

ನನ್ನದು ನಡುಗುತ್ತದೆ.

ಚಹಾದ ಲೋಟ ಹಿಡಿದರೆ ಅಂಚಿಗೆ ಚೆಲ್ಲುತ್ತದೆ. ನಿನ್ನೆ ಮರಳಿನ ಮೇಲೆ ನೀವಲೆಂದು ಒಬ್ಬ ಪ್ರವಾಸಿಯ ಭುಜಕ್ಕೆ ಕೈ ಇಟ್ಟೆ, ಅವನು ತಿರುಗಿ ನೋಡಿದ. ಮೈ ಸರಿಯಿಲ್ಲ ಎಂದು ಎದ್ದು ಬಂದೆ. ಕೇರಿಯವರು ಒಳ್ಳೆಯವರು, ಎದುರಿಗೆ ಏನೂ ಹೇಳುವುದಿಲ್ಲ. "ಸ್ವಲ್ಪ ದಿನ ಸುಧಾರಿಸ್ಕೋ ನಾಂಗ್" ಅನ್ನುತ್ತಾರೆ. ಆದರೆ ಕಾಲು ಉಳುಕಿದ ಬಡಗಿ ನಮ್ಮ ಮನೆ ದಾಟಿ ಕುಂಟುತ್ತ ಆಚೆ ಕೇರಿಗೆ ಹೋದದ್ದನ್ನು ನೋಡಿದೆ. ನೀವುತ್ತಿದ್ದ ಕೈಯನ್ನು ಐಸಿನಲ್ಲಿಟ್ಟವಳು, ಇನ್ನೇನು ಉಳಿದಿರುತ್ತದೆ? ನಾನೇ ಅವರ ಜಾಗದಲ್ಲಿದ್ದರೂ ಹಾಗೇ ಅನ್ನುತ್ತಿದ್ದೆ.

ಗಂಡನ ಭಯ ಇಳಿಯುವಷ್ಟರಲ್ಲಿ ಕೈಯ ಭಯ ಹತ್ತಿದೆ. ಈ ಕೈ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ.

ಸಂಜೆ ನಾನಾಯ್ ಒಂದು ಬೋಗುಣಿ ತಂದು ನನ್ನ ಮುಂದಿಟ್ಟು ಹೋದರು. ಅಕ್ಕಿ ತೊಳೆದ ನೀರು, ಬಿಸಿ ಮಾಡಿ ಉಪ್ಪು ಹಾಕಿದ್ದು, ಪಸ್ಮಾ ಬಡಿದ ಕೈಗೆ ಮದ್ದು. ಕೈ ಅದ್ದಿಕೊಂಡು ಕೂತೆ.

ಮೇ 29, ಬುಧವಾರ

ಪ್ರಾಸವೂ ಹೊಳೆಯುತ್ತಿಲ್ಲ. ಬೋಗುಣಿ ಮಾತ್ರ ದಿನಾ ಬರುತ್ತದೆ.

ಜೂನ್ 2, ಭಾನುವಾರ

ಮುಂದಿನ ವರ್ಷ ಮತ್ತೆ ಹೆಸರು ಕೊಡುತ್ತೇನೆ ಎಂದು ರುಫೋ ಬೆಳಿಗ್ಗೆ ಅಂದ. ಬಿಸಿಲು ಏರುವ ಮೊದಲು ಮುಗಿಸುತ್ತಾನಂತೆ. ಭಯವೇನು ಎಲ್ಲಿಗೂ ಹೋಗಿಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದೆ ಅಷ್ಟೆ.

ಊಟದ ಹೊತ್ತಿಗಿಂತ ಮುಂಚೆ ನಾನಾಯ್ ಎಣ್ಣೆ ಬಾಟಲಿ ಹಿಡಿದು ಬಂದರು. ನನ್ನ ಮುಂದೆ ಚಾಪೆ ಹಾಸಿ ಕೂತು, ಲಂಗ ಸರಿಸಿ, ಬಲಗಾಲು ಚಾಚಿದರು. ಮದುವೆಯಾಗಿ ಬಂದಂದಿನಿಂದ ಅವರು ನನ್ನ ಕೈಗೆ ಮೈ ಕೊಟ್ಟವರಲ್ಲ. ನನ್ನದು ಕೋಳಿ ಪುಕ್ಕ ಕೀಳುವ ಕೈ ಎಂದು ಊರಿಗೆಲ್ಲ ಹೇಳಿದವರು.

"ಮೊಣಕಾಲು," ಅಂದರು.

"ನಾನಾಯ್, ನನ್ನ ಕೈ ನಡುಗುತ್ತೆ."

"ನಂಗೇನು ಕಣ್ಣಿಲ್ವಾ? ನಡುಗ್ಲಿ. ಈ ಮೊಣಕಾಲೂ ನಡುಗುತ್ತೆ. ಎರಡೂ ಸೇರಿ ತಾಳ ಹಾಕ್ಲಿ."

ಎಣ್ಣೆ ಹಾಕಿಕೊಂಡೆ. ಕೈ ಇಟ್ಟಾಗ ನಡುಗಿತು, ಅವರ ಚರ್ಮದ ಮೇಲೆ ಎಣ್ಣೆಯೂ ನಡುಗಿತು. ಅವರು ಮೇಲೆ ತೊಲೆ ನೋಡುತ್ತಿದ್ದರು. ಹೆಬ್ಬೆರಳಿನಿಂದ ಚಿಪ್ಪಿನ ಸುತ್ತ ಹುಡುಕುತ್ತ ಹೋದೆ. ಒಳಮಗ್ಗುಲಲ್ಲಿ ಸಿಕ್ಕಿತು, ಗೋಲಿಯಂಥ ಗಂಟು, ಎಷ್ಟು ವರ್ಷದ್ದೋ. ಒತ್ತಿದೆ. ಅವರು "ಆ" ಅಂದರು. ಇನ್ನೂ ಒತ್ತಿದೆ. ಅದು ಜಾರುತ್ತಿತ್ತು, ನಾನು ಬಿಡಲಿಲ್ಲ. ಎಷ್ಟು ಹೊತ್ತು ಹಿಡಿದೆನೋ. ಅದು ಮೆತ್ತಗಾಗಿ ಕರಗಿದಾಗ ನಾನು ಕೈ ನೋಡಲಿಲ್ಲ, ಮೊಣಕಾಲು ನೋಡುತ್ತಿದ್ದೆ.

ನಾನಾಯ್ ಎದ್ದು ಎರಡು ಹೆಜ್ಜೆ ಹಾಕಿ ನೋಡಿದರು. "ಕೋಳಿ ಪುಕ್ಕ ಕೀಳೋ ಕೈಯೇ," ಅಂದರು. "ಆದ್ರೆ ಕೋಳಿಗೆ ನೋವಾಗ್ಲಿಲ್ಲ."

ಅನ್ನಕ್ಕಿಡಲು ತಡವಾಗಿತ್ತು. ಎಣ್ಣೆ ಕೈಯಲ್ಲಿ ಅಕ್ಕಿ ಮುಟ್ಟುವುದು ಹೇಗೆ, ಕೈಪಂಪಿನ ಹತ್ತಿರ ಹೋದೆ. ನಾನಾಯ್ ಬಂದು ಪಂಪು ಒತ್ತಿದರು. ನೀವಿದ ಬಿಸಿ ಇನ್ನೂ ಆರದ ಕೈಯನ್ನು ಮೊಣಕೈವರೆಗೂ ಉಜ್ಜಿ ತೊಳೆದುಕೊಂಡೆ. ನೀರು ತಣ್ಣಗೆ ಹಿತವಾಗಿತ್ತು. ಅಕ್ಕಿ ತೊಳೆದು ಒಲೆಯ ಮೇಲಿಟ್ಟು ತಿರುಗಿದರೆ, ರುಫೋ ತೂಗುಬಲೆಯಲ್ಲಿ ಎದ್ದು ಕೂತು ನನ್ನನ್ನೇ ನೋಡಿ ನಗುತ್ತಿದ್ದ.

"ಏನು?" ಅಂದೆ.

"ಏನಿಲ್ಲ," ಅಂದ.

ನಾನಾಯ್ ಕಡೆ ನೋಡಿದೆ. ಅವರು ಪಂಪಿನ ಹಿಡಿ ಹಿಡಿದುಕೊಂಡು ಬೇಲಿಯ ಆಚೆ ಏನನ್ನೋ ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಈ ಮನೆಯಲ್ಲಿ ನನಗೆ ಯಾರೂ ಏನೂ ಹೇಳುವುದಿಲ್ಲ.